ಸೀಟಿನ ಕೆಳಗಿನ ಡೊಳ್ಳು

ಗಡಹಿಂಗ್ಲಜ,
ತಾರೀಖು ೧೭ ಡಿಸೆಂಬರ್ ೧೯೮೭, ಗುರುವಾರ

ಚಿರಂಜೀವಿ ಕೃಷ್ಣಾತನಿಗೆ, ನಿನ್ನ ತಂದೆ ಗುರುಸಿದ್ದ ಲಗಮಣ್ಣ ಬಂಡಗರ್ ಮಾಡುವ ಆಶೀರ್ವಾದಗಳು. ಮೊದಲು ಪ್ರಕರಣದ ವಿವರಗಳನ್ನು ಕ್ರಮವಾಗಿ ಕಾಣಿಸುತ್ತೇನೆ.

೧. ಬರೆಯುವವನು: ಮೇಲ್ಕಂಡ ಗುರುಸಿದ್ದ, ವಯಸ್ಸು ಅರವತ್ತೆಂಟು. ಕಸುಬು, ತಾಲೂಕು ಕಚೇರಿಯ ಎದುರಿನ ತಗಡಿನ ಚಪ್ಪರದಲ್ಲಿ ಅರ್ಜಿ ಬರೆಯುವುದು ಹಾಗೂ ನಕಲು ತೆಗೆಯುವುದು. ಅನುಭವ ನಲವತ್ತೊಂದು ವರ್ಷ.

೨. ಪತ್ರ ಯಾರಿಗೆ: ಮಗ ಕೃಷ್ಣಾತ, ವಯಸ್ಸು ಮೂವತ್ತು. ಕಸುಬು, ಸ್ವಂತ ವ್ಯಾನನ್ನು ಬಾಡಿಗೆಗೆ ಓಡಿಸುವುದು. ಸದ್ಯ ಇಚಲಕರಂಜಿಯ ಶಹಾಪುರದಲ್ಲಿ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕೆಲಸ.

೩. ವಿವಾದದ ವಸ್ತು: ಸದರಿ ವ್ಯಾನಿನಲ್ಲಿ ಕಂಪನಿಯಿಂದಲೇ ಬಂದ ಟೇಪು ಮತ್ತು ಎರಡು ಸಣ್ಣ ಸ್ಪೀಕರುಗಳಿಗೆ ಮಗನು ಹೊರಗಿನಿಂದ ತಂದು ಕೂಡಿಸಿದ ಒಂದು ದೊಡ್ಡ ವೂಫರ್ ಡಬ್ಬಿ.

೪. ವ್ಯಾನು ಈಗಿರುವ ಸ್ಥಳ: ಕೊಲ್ಹಾಪುರ, ವಾಹನ ಕಚೇರಿಯ ಅಂಗಳ, ಜಪ್ತಿಯಲ್ಲಿ.

೫. ಜಪ್ತಿಗೆ ಕಾರಣವಾದ ಅರ್ಜಿಯನ್ನು ಬರೆದವನು: ಕಲಮು ಒಂದರಲ್ಲಿ ಕಾಣಿಸಿದವನೇ.

೬. ವಿಚಾರಣೆ: ೨೯ ಡಿಸೆಂಬರ್, ಮಂಗಳವಾರ, ಮುಂಜಾನೆ ಹನ್ನೊಂದು ಗಂಟೆ. ಮಾಲೀಕನು ಖುದ್ದಾಗಿ ಹಾಜರಾಗದಿದ್ದರೆ ಪರವಾನಗಿ ಕಾಯಮಾಗಿ ರದ್ದಾಗುತ್ತದೆ.

ನಿನ್ನ ಪ್ರಕೃತಿ ಹೇಗಿದೆ? ಶೆಡ್ಡಿನಲ್ಲಿ ನೂಲಿನ ಧೂಳು ಗಂಟಲಿಗೆ ಇಳಿಯುತ್ತದೆಂದು ಕೇಳಿದ್ದೇನೆ. ಚಿಕ್ಕಂದಿನಲ್ಲಿ ಕುರಿಯ ಉಣ್ಣೆ ಕತ್ತರಿಸುವ ದಿನ ನಿನಗೆ ಸಂಜೆಯತನಕ ಸೀನು ನಿಲ್ಲುತ್ತಿರಲಿಲ್ಲ. ಆದ್ದರಿಂದ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸಕ್ಕೆ ನಿಲ್ಲಬೇಕು, ಇದರಲ್ಲಿ ಸಂಕೋಚ ಪಡತಕ್ಕದ್ದಲ್ಲ. ಸೊಸೆ ಮಾಯವ್ವನಿಗೆ ಅಲ್ಲಿಯ ನೀರು ಒಗ್ಗಿತೋ ಇಲ್ಲವೋ ತಿಳಿಸು. ಇಲ್ಲಿ ನಿನ್ನ ತಾಯಿ ಲಗಮವ್ವನ ಮೊಣಕಾಲು ನೋವು ಚಳಿಗೆ ಹೆಚ್ಚಾಗಿದೆ. ಆಕೆ ನನಗೆ ಎರಡು ಹೊತ್ತು ರೊಟ್ಟಿ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ. ನನ್ನ ದೃಷ್ಟಿ ನೆಟ್ಟಗಿದೆ, ಕೈ ನಡುಗುವುದಿಲ್ಲ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಅಕ್ಷರದ ಮಾತನ್ನು ನಾನು ಎತ್ತಬಾರದಿತ್ತು. ನವೆಂಬರ್ ಇಪ್ಪತ್ತೇಳರಂದು ವ್ಯಾನು ಜಪ್ತಿಯಾಗಿ, ಕಚೇರಿಯಲ್ಲಿ ನಿನಗೆ ಅರ್ಜಿ ತೋರಿಸಿದ ಮೇಲೆ ನೀನು ಎಸ್.ಟಿ. ಬಸ್ಸು ಹಿಡಿದು ಮನೆಗೆ ಬಂದು ಹೊಸ್ತಿಲಲ್ಲೇ ನಿಂತು ಹೇಳಿದ್ದು ಒಂದೇ ವಾಕ್ಯ: “ಯಪ್ಪಾ, ಅಕ್ಷರ ಭಾಳ ಚಂದ ಬಂದಾವು.” ಮರುದಿನ ಮಾಯವ್ವನನ್ನು ಕರೆದುಕೊಂಡು ಹೊರಟುಹೋದೆ. ಆ ವಾಕ್ಯಕ್ಕೆ ಉತ್ತರ ಬರೆಯಲು ನನಗೆ ಇಪ್ಪತ್ತು ದಿನ ಬೇಕಾಯಿತು. ಜೀವಮಾನವಿಡೀ ಮರಾಠಿಯಲ್ಲಿ ಅರ್ಜಿ ಬರೆದ ಕೈಯಿಂದ ಈ ಕಾಗದವನ್ನು ಮನೆಯ ಮಾತಿನಲ್ಲಿ ಬರೆಯುತ್ತಿದ್ದೇನೆ. ನೀನು ಅಜ್ಜನ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕು ಇಯತ್ತೆ ಕಲಿತಿರುವೆ, ಓದಬಲ್ಲೆ. ನಡುವೆ ನಿಲ್ಲಿಸದೆ ಕೊನೆಯತನಕ ಓದು, ಇಷ್ಟೇ ಮೊದಲ ವಿನಂತಿ.

ನಮ್ಮಿಬ್ಬರ ನಡುವೆ ಮಾತು ನಿಂತದ್ದು ಆಗಸ್ಟ್ ತಿಂಗಳಲ್ಲಿ, ನೀನು ವ್ಯಾನಿನ ಹಿಂದಿನ ಸೀಟನ್ನು ಬಿಚ್ಚಿ ಅಂಗಳದಲ್ಲಿಟ್ಟು, ಅದರ ಕೆಳಗೆ ಕೂರುವಂಥ ಪ್ಲೈವುಡ್ ಡಬ್ಬಿಯ ಅಳತೆ ತೆಗೆಯುತ್ತ ಕುಳಿತಿದ್ದ ದಿನ. ನಾನು ನಕಲುಗಾರ. ಮೂಲ ಪ್ರತಿಗೆ ದೀರ್ಘದ ಒಂದು ಕಾನಾ ಕೂಡಿಸಬಾರದು, ಒಂದು ಚುಕ್ಕೆ ತೆಗೆಯಬಾರದು ಎಂಬುದು ನನ್ನ ಅನ್ನದ ಧರ್ಮ. “ಕಂಪನ್ಯಾಗ ಶಾಣ್ಯಾರು ಕುಂತು ಮಾಡ್ಯಾರ. ಅದನ್ನ ತಿದ್ದಾಕ ನೀ ಯಾಂವ?” ಎಂದು ಕೇಳಿದೆ. ನೀನು ಸ್ಕ್ರೂ ಕಚ್ಚಿಕೊಂಡ ಬಾಯಲ್ಲೇ ನಕ್ಕು, “ಕಂಪನಿಯವ್ರು ಡೊಳ್ಳು ಕೇಳಿಲ್ಲ ಯಪ್ಪಾ. ಕೇಳಿದ್ದರ ಅವ್ರೂ ಇದನ್ನ ಹಚ್ಚತಿದ್ರು” ಎಂದೆ. ನಿನ್ನ ತಾಯಿಯೂ ನಕ್ಕಳು. ಅಲ್ಲಿಗೆ ಬಿಡಬಹುದಾಗಿತ್ತು. “ಡೊಳ್ಳು ಕೇಳಾಕ ವ್ಯಾನ್ ಯಾಕ ಬೇಕು? ನಿಮ್ಮಜ್ಜನ್ಹಂಗ ಕುರಿ ಹಿಂದ ಹೋಗು, ದಿನಾ ಕೇಳಸ್ತೈತಿ” ಎಂದೆ ನಾನು. ನಿನ್ನ ಬಾಯಿಂದ ಸ್ಕ್ರೂ ಕೆಳಗೆ ಬಿತ್ತು. ನೀನು ಅದನ್ನು ಹುಡುಕಲಿಲ್ಲ, ಎದ್ದು ಹೋದೆ. ಅಂದಿನಿಂದ ಒಂದೇ ಮನೆಯಲ್ಲಿ “ಅಪ್ಪಗ ಹೇಳವ್ವಾ”, “ಅವಗ ಹೇಳ” ಎಂದು ನಿನ್ನ ತಾಯಿಯನ್ನು ಟಪಾಲಿನಂತೆ ಬಳಸಿದೆವು. ಉಣ್ಣುವ ಹೊತ್ತನ್ನೂ ಬೇರೆ ಬೇರೆ ಮಾಡಿಕೊಂಡೆವು.

ನವೆಂಬರ್ ಹದಿನಾರು, ಸೋಮವಾರ, ನಮ್ಮ ಓಣಿಯ ಶಿವವ್ವ ಚಪ್ಪರಕ್ಕೆ ಬಂದಳು. ಆಕೆಯ ಸೊಸೆಗೆ ಹೆರಿಗೆಯಾಗಿ ಹನ್ನೆರಡು ದಿನವಾಗಿತ್ತು. “ಅಣ್ಣಾರ, ಕೃಷ್ಣಾತಂದು ಗಾಡಿ ಓಣ್ಯಾಗ ಬಂತಂದ್ರ ನಮ್ಮ ತಗಡು ಥಡಥಡ ನಡಗತಾವ್ರಿ. ಕೂಸು ಬೆದರಿ ಚೀರತೈತಿ. ಹುಡುಗ ಭಾಳ ಛಲೋ ಅದಾನ, ನನಗ ಹೇಳಾಕ ನಾಚಿಕಿ. ಓಣ್ಯಾಗ ಬರಬೇಕಾದ್ರ ಜರಾ ಸಣ್ಣದು ಮಾಡಂತ ನೀವು ಒಂದ ಮಾತು ಹೇಳ್ರಿ” ಎಂದಳು. ನಾನು ಪೆನ್ನಿನ ಟೊಪ್ಪಿಗೆ ತೆಗೆದು, “ಬಾಯಿಮಾತಿಗೆ ಏನ್ ಕಿಮ್ಮತ್ತು ಐತಿ ಶಿವವ್ವಾ? ಬರದ ಕೊಡೂಣು” ಎಂದೆ. ಆಕೆ ನಕ್ಕುಬಿಟ್ಟಳು: “ಮನ್ಯಾಗಿನ ಮಗಗ ಬರದ ಕೊಡತಾರೇನ್ರಿ ಯಣ್ಣಾ? ಸಂಜೀಕ ಉಣ್ಣಾಕ ಕುಂತಾಗ ಹೇಳ್ರಲಾ!” ನಾವು ಕೂಡಿ ಉಣ್ಣದೆ ಮೂರು ತಿಂಗಳಾಗಿತ್ತೆಂದು ಆಕೆಗೆ ಹೇಗೆ ಹೇಳಲಿ? ಓಣಿಯವರ ಮುಂದೆ ಆ ಮಾತು ಒಪ್ಪಿಕೊಳ್ಳುವುದಕ್ಕಿಂತ ಅರ್ಜಿ ಬರೆಯುವುದು ನನಗೆ ಸುಲಭವೆನಿಸಿತು. “ಅರ್ಜಿದಾರ ಯಾರೇ ಇರಲಿ, ಯಾರ ಮ್ಯಾಲೇ ಇರಲಿ, ಇಲ್ಲಾ ಅಂದಾಂವಲ್ಲ ನಾ” ಎಂದು ದೊಡ್ಡ ಮಾತಾಡಿ, ಮರಾಠಿಯಲ್ಲಿ ಬರೆದು, ಆಕೆಯ ಹೆಬ್ಬೆಟ್ಟು ಒತ್ತಿಸಿ, ಕೊಲ್ಹಾಪುರದ ವಾಹನ ಕಚೇರಿಗೆ ಅಂದಿನ ಟಪಾಲಿಗೇ ಹಾಕಿದೆ.

ಆ ಅರ್ಜಿಯಲ್ಲಿ ಶಿವವ್ವ ಹೇಳಿದ್ದು ಮೂರು ಸಾಲು. ಕೊನೆಯ ಸಾಲು ನನ್ನದು: ‘ಸದರಿ ವಾಹನಕ್ಕೆ ಅನಧಿಕೃತವಾಗಿ ಯಂತ್ರ ಜೋಡಿಸಿ ಜನರ ಆರೋಗ್ಯಕ್ಕೆ ಬಾಧೆ ಉಂಟುಮಾಡಿರುವುದರಿಂದ ವಾಹನವನ್ನು ಜಪ್ತಿ ಮಾಡಿ ಪರವಾನಗಿಯನ್ನು ರದ್ದುಪಡಿಸಬೇಕು.’ ಇದು ನಮ್ಮ ಕಸುಬಿನ ಪದ್ಧತಿ. ನನಗೆ ಬರವಣಿಗೆ ಕಲಿಸಿದ ಹಿರಿಯರು ಕಟ್ಟಿಕೊಟ್ಟ ನಿಯಮವೆಂದರೆ, ಕೊನೆಯ ಕಲಮಿನಲ್ಲಿ ಯಾವಾಗಲೂ ಇರುವುದರಲ್ಲೇ ದೊಡ್ಡದನ್ನು ಬೇಡಬೇಕು, ಸಾಹೇಬರು ಅದರಲ್ಲಿ ಮುಕ್ಕಾಲು ಪಾಲು ಕಡಿಮೆ ಮಾಡುತ್ತಾರೆ, ಉಳಿಯುವುದು ನಮಗೆ ಬೇಕಾದದ್ದೇ ಆಗಿರುತ್ತದೆ. ಬದುವಿನ ಮೇಲಿನ ಒಂದು ಜಾಲಿ ಕಡಿಸಬೇಕಾದವನಿಗೆ ಇಡೀ ಹೊಲದ ಮೋಜಣಿ ಕೇಳಿ ಬರೆದುಕೊಟ್ಟಿದ್ದೇನೆ. ಜಾಲಿ ಕಡಿಸಿ ಬಂದಿದ್ದಾನೆ. ಹಾಗೆಯೇ ಇಲ್ಲಿಯೂ, ಪರವಾನಗಿ ರದ್ದು ಕೇಳಿದರೆ ಒಂದು ತಾಕೀತು ಬರುತ್ತದೆ, ಮಗ ದನಿ ತಗ್ಗಿಸುತ್ತಾನೆ, ನಾನು ಬಾಯಿ ತೆರೆಯಬೇಕಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಕೊಲ್ಹಾಪುರದ ಸಾಹೇಬರು ಕೇಳಿದ್ದನ್ನು ಕೇಳಿದಂತೆಯೇ ಕೊಟ್ಟರು. ಅವರಲ್ಲಿ ದೋಷವಿಲ್ಲ. ಅರ್ಜಿ ಸುಸಂಬದ್ಧವಾಗಿತ್ತು. ನೀನು ಹೋದ ಮೇಲೆ ನಿನ್ನ ತಾಯಿ ನನ್ನೊಡನೆ ಆಡಿದ ಕಡೆಯ ಮಾತು ಇದು: “ಒಂದ ಅಂಗಳದಾಗ ಇದ್ದ ಮಗಗ ಹೇಳೂ ಮಾತು ಕೊಲ್ಹಾಪುರದ ಮ್ಯಾಲೆ ಹಾಯಿಸಿ ಕಳಸಿದ್ರಿ. ಶಾಭಾಸ್ ನಿಮ್ಮ ಕಲಮಾ.”

ಈ ತಿಂಗಳ ಹತ್ತರಂದು ನಿನ್ನ ಹೆಸರಿನ ನೋಟೀಸು ಬಂದಿತು. ವ್ಯಾನಿಗೆ ಮಾಡಿದ ಬದಲಾವಣೆಗಳ ಪಟ್ಟಿಯನ್ನು ವಿಚಾರಣೆಯ ಮೊದಲು ಕೊಡಬೇಕು, ಗಾಡಿಯನ್ನು ನೋಡಿ ಬರೆದುಕೊಳ್ಳಬಹುದು ಎಂದಿತ್ತು. ಪಟ್ಟಿ ಮಾಡುವುದು ನನಗೆ ಬರುವ ಕೆಲಸ. ಹದಿನಾಲ್ಕರಂದು ಕೊಲ್ಹಾಪುರಕ್ಕೆ ಹೋಗಿ, ನಿನಗೆ ಆ ಡಬ್ಬಿ ಜೋಡಿಸಲು ನೆರವಾದ ರೇಡಿಯೋ ರಿಪೇರಿಯ ತಾನಾಜಿಯನ್ನು ಅವನ ಅಂಗಡಿಯಲ್ಲಿ ಕಂಡೆ. ನಾನು ಹೆಸರು ಹೇಳಿದ ಕೂಡಲೇ ಅವನು ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. “ಯಾ ಕಾಕಾ, ಬಸಾ, ಕೂಡ್ರಿ. ಮೊದಲ ಒಂದ ಹೇಳ್ರಿ, ಅರ್ಜಿ ಬರದವ್ರಾಗಿ ಬಂದೀರೋ, ಕೃಷ್ಣಾತನ ಅಪ್ಪ ಆಗಿ ಬಂದೀರೋ? ಚಹಾ ಅದರ ಮ್ಯಾಲೆ ಐತಿ” ಎಂದ. “ಪಟ್ಟಿ ಮಾಡಾಕ ಬಂದೇನಿ” ಎಂದೆ. “ಹಂಗಾದ್ರ ಅರ್ಧಾ ಕಪ್” ಎಂದ. ಅವನ ಬಾಯಿ ಹರಿತ, ಮನಸ್ಸು ಕೆಟ್ಟದ್ದಲ್ಲ. ಅಂಗಡಿ ಮುಚ್ಚಿ ನನ್ನೊಡನೆ ಕಚೇರಿಯ ಅಂಗಳಕ್ಕೆ ಬಂದ. ಗುಮಾಸ್ತರ ಅಪ್ಪಣೆ ಪಡೆದು ವ್ಯಾನಿನ ಬಾಗಿಲು ತೆರೆದೆವು. ಒಳಗೆ ನಿನ್ನ ಟವೆಲು ಇನ್ನೂ ಸ್ಟೇರಿಂಗಿನ ಮೇಲೇ ಇತ್ತು.

ಪಟ್ಟಿಯ ಸಲುವಾಗಿ ನಾನು ಕೇಳುತ್ತ ಹೋದೆ, ಅವನು ಬೆರಳಿಟ್ಟು ತೋರಿಸುತ್ತ ಹೋದ. ಕಂಪನಿಯ ಟೇಪಿನಿಂದ ಮುಂದಿನ ಎರಡು ಸ್ಪೀಕರುಗಳಿಗೆ ಹೋಗುವ ವೈರಿಗೆ ಒಂದು ಕವಲು ಕೊಟ್ಟಿದ್ದೀರಿ. ಆ ಕವಲು ಸೀಟಿನ ಬದಿಯಲ್ಲಿರುವ ಬೇರೊಂದು ಆಂಪ್ಲಿಫಾಯರಿಗೆ ಹೋಗುತ್ತದೆ. ಅದಕ್ಕೆ ಶಕ್ತಿ ಸಾಲದೆಂದು ಬ್ಯಾಟರಿಯಿಂದ ಕಿರುಬೆರಳು ದಪ್ಪದ ವೈರು ಎಳೆದು, ಬೆಂಕಿಯ ಭಯವಿರಬಾರದೆಂದು ಬ್ಯಾಟರಿಯ ಪಕ್ಕದಲ್ಲೇ ಫ್ಯೂಜು ಹಾಕಿದ್ದೀರಿ. ತಾಮ್ರದ ತಂತಿಯ ಒಂದು ಸುರುಳಿ ತೆಳ್ಳನೆಯ ದನಿಯನ್ನೆಲ್ಲ ತಡೆದು ದಪ್ಪ ದನಿಯನ್ನಷ್ಟೇ ಡಬ್ಬಿಗೆ ಬಿಡುತ್ತದೆ. ಡಬ್ಬಿಯಲ್ಲಿ ಹತ್ತು ಇಂಚಿನ ಸ್ಪೀಕರು, ಹಿಂದೆ ಒಳಕಲ್ಲಿನಂಥ ಅಯಸ್ಕಾಂತ. “ಮುಂಬೈದಾಗ ಇದಕ ಸಬ್‌ವೂಫರ್ ಅಂತಾರ ಕಾಕಾ” ಎಂದ ತಾನಾಜಿ. ಮೊದಲ ಡಬ್ಬಿ ಬರೀ ಗುಂಯ್ ಎನ್ನುತ್ತಿತ್ತಂತೆ, ಒಡೆದೆಯಂತೆ. ಎರಡನೆಯದರ ಸಂದಿಗಳಿಗೆ ಮೇಣ ಮೆತ್ತಿದೆಯಂತೆ. ಹನ್ನೊಂದು ಭಾನುವಾರ ಬಾಡಿಗೆ ಬಿಟ್ಟು ಅವನ ಅಂಗಡಿಯಲ್ಲಿ ಕುಳಿತೆಯಂತೆ. ಈ ಸಾವಧಾನ ನಿನಗೆ ಎಲ್ಲಿಂದ ಬಂತೆಂದು ಯೋಚಿಸಿದೆ. ನಾನೂ ಒಂದು ಅಕ್ಷರ ಕೆಟ್ಟರೆ ಇಡೀ ಹಾಳೆ ಹರಿದು ಮತ್ತೆ ಬರೆಯುವವನು.

ನಾನು ಕೇಳಬೇಕಾದ ಮುಖ್ಯ ಪ್ರಶ್ನೆ ಉಳಿದಿತ್ತು: “ಕಂಪನಿಯ ವೈರು ಎಷ್ಟು ಕಡೆ ಕತ್ತರಿಸೀರಿ?” ತಾನಾಜಿ ನನ್ನ ಮುಖ ನೋಡಿ, “ಒಂದೂ ಇಲ್ಲ. ಕೃಷ್ಣಾತ ಕತ್ತರಿಸಗೊಡಲಿಲ್ಲ. ಎಲ್ಲಾ ಪಿನ್ನಿಗೆ ಪಿನ್ನು ಕೂಡಿಸಿದ್ದು, ನಾಳೆ ತಗದ್ರ ಮೊದಲಿನ್ಹಂಗ ಆಗತೈತಿ. ನಮ್ಮಪ್ಪ ನಕಲು ತಗೀತಾನ, ಮೂಲಕ್ಕ ಕೈ ಹಚ್ಚಬ್ಯಾಡ ಅಂತ ನನಗೇ ಹೇಳಿದ” ಎಂದ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಮೂಲ ಪ್ರತಿಯನ್ನು ಮುಟ್ಟದೆ ಅಂಚಿನಲ್ಲಿ ಬರೆದ ಟಿಪ್ಪಣಿಯಂತೆ ಅದನ್ನು ಮಾಡಿದ್ದೆ ನೀನು. ನನ್ನ ಧರ್ಮವನ್ನು ನಿನ್ನ ಕೆಲಸದಲ್ಲಿ ಪಾಲಿಸಿದ್ದೆ, ನಾನು ಅದನ್ನು ಅನಧಿಕೃತವೆಂದು ಬರೆದೆ.

ಆಮೇಲೆ ತಾನಾಜಿ ನನ್ನನ್ನು ಹಿಂದಿನ ಸೀಟಿನ ಮೇಲೆ ಕೂರಿಸಿದ. ಟೇಪಿನಲ್ಲಿ ನಿನ್ನ ಕ್ಯಾಸೆಟ್ಟು ಇತ್ತು. ನಿನ್ನ ಅಜ್ಜನ ಡೊಳ್ಳಿನ ಮೇಳದಲ್ಲಿ ಬದುಕಿರುವ ಒಬ್ಬನೇ ಒಬ್ಬ ಮಲ್ಲಾರಿ ಕಾಕಾ ಬಾರಿಸಿದ್ದನ್ನು ನೀನು ತುಂಬಿಕೊಂಡು ಬಂದದ್ದು. ಮೊದಲು ಕಂಪನಿಯ ಎರಡು ಸ್ಪೀಕರುಗಳಲ್ಲಷ್ಟೇ ಹಚ್ಚಿದ. ಯಾರೋ ಎಣ್ಣೆಯ ಡಬ್ಬ ಬಡಿದಂತಿತ್ತು. ಅದು ಡೊಳ್ಳೆಂದು ತಿಳಿದದ್ದು ತಾಳದಿಂದ ಮಾತ್ರ. ಆಮೇಲೆ ಒಂದು ಗುಂಡಿ ಒತ್ತಿದ. ಕೃಷ್ಣಾತ, ದನಿ ಕಿವಿಗೆ ಬರಲಿಲ್ಲ, ಮೊದಲು ಬೆನ್ನಿಗೆ ಬಂತು. ಅಂಗಿಯ ಜೇಬಿನಲ್ಲಿದ್ದ ಪೆನ್ನು ಎದೆಗೆ ತಾಗಿ ತಾಗಿ ನಡುಗಿತು. ಆರು ವರ್ಷದವನಾಗಿ ನನ್ನ ಅಪ್ಪನ ಸೊಂಟ ಹಿಡಿದು ಅವನ ಡೊಳ್ಳಿಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದೆ, ಆಗ ಹೀಗೆಯೇ ಆಗುತ್ತಿತ್ತು. ಇದನ್ನು ನಿನಗೆ ನಾನು ಎಂದೂ ಹೇಳಿಲ್ಲ. ಇನ್ನೊಂದನ್ನೂ ಹೇಳಿಲ್ಲ. ಕಚೇರಿಗೆ ಬಂದ ಹೊಸತರಲ್ಲಿ ಅಲ್ಲಿಯ ಕಾರಕೂನರು ನನ್ನನ್ನು “ಏ ಡೊಳ್ಳು” ಎಂದೇ ಕರೆಯುತ್ತಿದ್ದರು. ಆ ಹೆಸರು ಅಳಿಸಬೇಕೆಂದು ನಾನು ಅಕ್ಷರ ತಿದ್ದಿದೆ. ಮೂರು ವರ್ಷ ಕಳೆದ ಮೇಲೆ “ಬಂಡಗರ್ ಅವರೇ” ಎಂದರು. ನಿನ್ನ ವ್ಯಾನು ಓಣಿಯೊಳಗೆ ಬರುವಾಗ ಆ ದನಿ ಗೋಡೆ ದಾಟಿ ಬಂದು ನನ್ನನ್ನು ಮತ್ತೆ ಹಳೆಯ ಹೆಸರಿನಿಂದ ಕರೆದಂತಾಗುತ್ತಿತ್ತು. ನನಗೆ ಸಿಟ್ಟು ಬಂದದ್ದು ಡಬ್ಬಿಯ ಮೇಲಲ್ಲ.

ಆ ಗುಂಡಿಯ ಸಂಗತಿ ಕೇಳು. ಹ್ಯಾಂಡ್‌ಬ್ರೇಕಿನ ಬದಿಗೆ ಕೂರಿಸಿದ, ದಪ್ಪ ದನಿಯನ್ನಷ್ಟೇ ಬಂದ್ ಮಾಡುವ ಆ ಗುಂಡಿ ಯಾವಾಗ ಹಾಕಿದ್ದೆಂದು ಪಟ್ಟಿಗಾಗಿ ಕೇಳಿದೆ. ತಾನಾಜಿ ಅಂಗಡಿಗೆ ಮರಳಿದ ಮೇಲೆ ತನ್ನ ಕೆಲಸದ ವಹಿ ತೆರೆದು ತೋರಿಸಿದ: ನವೆಂಬರ್ ಹದಿನೈದು, ಭಾನುವಾರ. “ಓಣ್ಯಾಗ ಒಂದು ಹಸಗೂಸು ಐತಿ, ಅವ್ವ ಹೇಳ್ಯಾಳ, ಇವತ್ತ ಹಚ್ಚಿಕೊಡು ಅಂತ ಕುಂತಬಿಟ್ಟ” ಎಂದ. ನಾನು ಅರ್ಜಿ ಬರೆದದ್ದು ಅದರ ಮರುದಿನ. ಶಿವವ್ವನ ಮನೆಯ ತಗಡು ಅಂದಿನಿಂದ ನಡುಗಿಯೇ ಇಲ್ಲ. ಊರಿಗೆ ಬಂದು ಆಕೆಯನ್ನು ಕೇಳಿದೆ. “ಹೌದ್ರಿ, ನಾ ನಿಮ್ಮ ಚಪ್ಪರಕ್ಕ ಬಂದ ದಿನದಿಂದ ಸದ್ದ ಇಲ್ಲ. ನೀವು ಹೇಳಿದ್ರೇನೋ ಅನ್ಕೊಂಡೆ” ಎಂದಳು. ನಿನ್ನ ತಾಯಿ ಒಲೆಯ ಮುಂದೆ ಕುಳಿತು ಒಂದು ಮಾತು ಹೇಳಿ ಮುಗಿಸಿದ್ದ ಕೆಲಸಕ್ಕೆ ನಾನು ಕೊಲ್ಹಾಪುರಕ್ಕೆ ಅರ್ಜಿ ಬರೆದೆ.

ಪಟ್ಟಿಯನ್ನು ಗುಮಾಸ್ತರಿಗೆ ಕೊಟ್ಟಾಗಿದೆ. ಆದ್ದರಿಂದ ವಿಚಾರಣೆಯಲ್ಲಿ ನೀನು ಹೇಳಬೇಕಾದದ್ದು ಇಷ್ಟು. ಒಂದು, ದೂರು ಬರುವ ಮೊದಲೇ ಬಾಧೆ ನಿವಾರಣೆಯಾಗಿತ್ತು. ಎರಡು, ಕಂಪನಿಯ ಯಾವ ಭಾಗಕ್ಕೂ ಧಕ್ಕೆಯಾಗಿಲ್ಲ, ಫ್ಯೂಜು ಇದೆ, ಗುಂಡಿ ಇದೆ. ಡಬ್ಬಿ ತೆಗೆದು ಹಾಕುತ್ತೇನೆಂದು ಅಂಜಿ ಒಪ್ಪಿಕೊಳ್ಳಬೇಡ. ತೆಗೆಯಬೇಕೆಂದು ಸಾಹೇಬರೇ ಆಜ್ಞೆ ಮಾಡಿದರೆ ಮಾತು ಬೇರೆ. ಮಾಲೀಕನ ಬದಲಿಗೆ ಬೇರೆಯವರು ನಿಲ್ಲುವಂತಿಲ್ಲ, ಗುಮಾಸ್ತರನ್ನು ಎರಡು ಸಲ ಕೇಳಿದೆ. ನೀನು ಬಾರದಿದ್ದರೆ ಪರವಾನಗಿ ಹೋಗುತ್ತದೆ. ನೀನು ಮಗ್ಗದ ಮುಂದೆಯೇ ಉಳಿಯುತ್ತೀ, ನಾನು ಬರೆದ ಒಂದು ವಾಕ್ಯದ ಕಾರಣಕ್ಕೆ. ನನ್ನ ಮೇಲಿನ ಕೋಪವನ್ನು ಬಿಡು ಎಂದು ಕೇಳುತ್ತಿಲ್ಲ. ಕೋಪದ ಸಮೇತ ಬಾ. ಮುಂಜಾನೆ ಹತ್ತಕ್ಕೆ ನಾನು ಕಚೇರಿಯ ಬಾಗಿಲಲ್ಲಿರುತ್ತೇನೆ.

ಮಾಯವ್ವನಿಗೆ ನನ್ನ ಹಾಗೂ ನಿನ್ನ ತಾಯಿಯ ಆಶೀರ್ವಾದ ತಿಳಿಸು. ಬೀರಪ್ಪ ನಿಮ್ಮಿಬ್ಬರ ಬೆನ್ನಿಗಿರಲಿ, ನಿನ್ನ ಗಂಟಲು ಸ್ವಚ್ಛವಾಗಿರಲಿ, ನಿನ್ನ ಗಾಡಿ ರಸ್ತೆಗೆ ಮರಳಲಿ.

ನಿನ್ನ ತಂದೆ,
ಗುರುಸಿದ್ದ ಲಗಮಣ್ಣ ಬಂಡಗರ್

ತಾ. ಕ.: ಟಪಾಲಿನ ಹೊತ್ತಾಯಿತು. ಮೇಲೆ ಕಸುಬಿನ ಪದ್ಧತಿ ಎಂದು ಬರೆದೆನಲ್ಲ, ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಶಿವವ್ವನಿಗೆ ಮರಾಠಿ ಬಾರದು. ಅರ್ಜಿಯ ತಳದಲ್ಲಿ, ‘ಮಜಕೂರನ್ನು ಅರ್ಜಿದಾರಳ ಭಾಷೆಯಲ್ಲಿ ಓದಿ ಹೇಳಲಾಗಿ, ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತಾಳೆ’ ಎಂದು ಬರೆದು ನಾನೇ ಸಾಕ್ಷಿ ಸಹಿ ಮಾಡಿದ್ದೇನೆ. ನಾನು ಓದಿ ಹೇಳಲಿಲ್ಲ. ಓದಿದ್ದರೆ ಆಕೆ, ಗಾಡಿ ಕಸಗೊಳ್ಳೂದು ಯಾಕ್ರಿ, ಅದನ್ನ ತಗೀರಿ ಎನ್ನುತ್ತಿದ್ದಳು, ತೆಗೆಯಬೇಕಾಗುತ್ತಿತ್ತು. ತೆಗೆಯುವ ಮನಸ್ಸು ನನಗಿರಲಿಲ್ಲ. ನನ್ನ ಮಾತು ಮೀರಿದ ಮಗನನ್ನು ಸರಕಾರದ ಕೈಯಿಂದ ಬಗ್ಗಿಸಬೇಕಾಗಿತ್ತು. ನಲವತ್ತೊಂದು ವರ್ಷದಲ್ಲಿ ನಾನು ಬರೆದ ಸುಳ್ಳು ಇದೊಂದೇ, ಬರೆದದ್ದು ನಿನ್ನ ಮೇಲೆ. ಅರ್ಜಿಯೇ ಊರ್ಜಿತವಲ್ಲವೆಂದು ಇಷ್ಟನ್ನೂ ಪ್ರತಿಜ್ಞಾಪತ್ರದಲ್ಲಿ ಬರೆದಿದ್ದೇನೆ. ಇದರ ಮೇಲೆ ಆ ಚಪ್ಪರದಲ್ಲಿ ನನ್ನನ್ನು ಇನ್ನು ಕೂರಗೊಡುವುದಿಲ್ಲ, ತಿಳಿದೇ ಬರೆದೆ. ನೀನು ಕನಿಕರಪಟ್ಟು ತಡೆಯಬಾರದೆಂದು ಮೂಲ ಪ್ರತಿಯನ್ನು ಇಂದು ಮುಂಜಾನೆಯೇ ಕೊಲ್ಹಾಪುರಕ್ಕೆ ರಜಿಸ್ಟರ್ ಮಾಡಿ ಬಂದೆ. ನಿನಗೆ ಕಳಿಸುತ್ತಿರುವುದು ನಕಲು.

ಗು. ಲ. ಬಂಡಗರ್

ಲಗತ್ತು:
೧. ತಾನಾಜಿಯ ಕೈಬರಹದ ಚೀಟಿ, ಗುಂಡಿ ಹಾಕಿದ ತಾರೀಖಿನ ಬಗ್ಗೆ.
೨. ಪ್ರತಿಜ್ಞಾಪತ್ರದ ನಕಲು, ಪುಟ ಒಂದು. ಶಿವವ್ವನಿಗೂ ನಿನ್ನ ತಾಯಿಗೂ ಕನ್ನಡದಲ್ಲಿ, ಗಟ್ಟಿಯಾಗಿ, ಪೂರ್ತಿ ಓದಿ ಹೇಳಿದ್ದೇನೆ.